ಸೈಲೆಂಟ್ ಅಕ್ಷರ

ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದು ಅನ್ನುತ್ತಾರೆ. ಬದುಕಿದ್ದವರ ಬಗ್ಗೆ ಸತ್ತವರು ಆಡಿ ಹೋದದ್ದಕ್ಕೆ ಏನು ಮಾಡಬೇಕು ಎಂದು ಮಾತ್ರ ಯಾರೂ ಹೇಳಿಲ್ಲ. ಆದ್ದರಿಂದ ಸುಷ್ಮಾ ಫೋನ್ ಮಾಡಿ, ಸರ್ ಬಗ್ಗೆ ಸ್ಮರಣ ಸಂಚಿಕೆಗೆ ಎರಡು ಪುಟ ಬರೆದುಕೊಡಿ ಎಂದಾಗ ಆಗುವುದಿಲ್ಲ ಎಂದೆ. ಸುಷ್ಮಾ ನಮ್ಮ ಕನ್ನಡ ಸಂಘದ ಕಾರ್ಯದರ್ಶಿ. ಮೈಸೂರಿನವಳು. ಯಾರಿಗೂ ಇಲ್ಲ ಅನ್ನಲು ಬಾರದವಳು, ಬೇರೆಯವರು ಇಲ್ಲ ಅಂದರೆ ಅದನ್ನು ಕೇಳಿಸಿಕೊಳ್ಳಲೂ ಬಾರದವಳು.

"ನೀವೇ ಬರೀಬೇಕು ಶೈಲಾ. ಅವರ ಹನ್ನೆರಡು ಉಪನ್ಯಾಸಾನೂ ರೆಕಾರ್ಡ್ ಮಾಡಿದ್ದು ನೀವೇ ತಾನೆ? ಒಳ್ಳೊಳ್ಳೆ ನೆನಪು ಇರತ್ತೆ."

ಹನ್ನೆರಡಲ್ಲ, ಐದು ಎಂದೆ. ಐದಾದ ಮೇಲೆ ಯಾಕೆ ಬಿಟ್ಟಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಈ ಲೇಖನ ಫೋನಿನಲ್ಲೇ ಮುಗಿದುಹೋಗುತ್ತಿತ್ತು.

ಸರ್ ಲಿಯಾಂಡರ್ ಎಂಬ ಊರಿನಲ್ಲಿ, ಮಗಳ ಮನೆಯಲ್ಲಿ ತೀರಿಕೊಂಡಿದ್ದರು. ಅದಕ್ಕೆ ಮೊದಲು ಎಷ್ಟೋ ವರ್ಷ ಇಲ್ಲೇ ರಿಚರ್ಡ್‌ಸನ್ನಿನಲ್ಲಿ ನಮ್ಮ ನಡುವೆಯೇ ಇದ್ದರು. ಟೆಕ್ಸಾಸಿನ ಒಂದು ಕಾಲೇಜಿನಲ್ಲಿ ಇಂಗ್ಲಿಷ್ ಸಾಹಿತ್ಯ ಕಲಿಸಿ ನಿವೃತ್ತರಾದವರು. ಸಂಘದ ಪ್ರತಿ ಸಮಾರಂಭದಲ್ಲಿಯೂ "ಅಮೆರಿಕನ್ನರಿಗೇ ಇಂಗ್ಲಿಷ್ ಕಲಿಸಿದ ಕನ್ನಡಿಗ" ಎಂದು ಅವರ ಪರಿಚಯ ಆಗುತ್ತಿತ್ತು. ಅವರು ಕಣ್ಣು ಮುಚ್ಚಿ ತಲೆ ಅಲ್ಲಾಡಿಸುತ್ತಿದ್ದರು, ಬೇಡ ಎನ್ನುವ ಹಾಗೆ. ಒಮ್ಮೆ ಯಾರೋ ಆ ವಾಕ್ಯ ಮರೆತು ಬರೀ ನಿವೃತ್ತ ಪ್ರಾಧ್ಯಾಪಕರು ಎಂದಾಗ ತಾವೇ ಮೈಕು ತೆಗೆದುಕೊಂಡು ಸೇರಿಸಿದರು.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಮನೆಯವರಿಗೆ ನೋವಾಗಬಾರದು. ಅವರು ಆಯುಷ್ಯವಿಡೀ ಹಿಂಬಾಲಿಸಿದ ಕವಿಯ ಹೆಸರನ್ನೂ ಬರೆಯುವುದಿಲ್ಲ, ಅದು ಸರ್ ಅವರದೇ ಕಟ್ಟಪ್ಪಣೆ. ಆರುನೂರು ವರ್ಷ ಹಿಂದಿನ ಒಬ್ಬ ಇಂಗ್ಲಿಷ್ ಕವಿ, ಹೊಟ್ಟೆಪಾಡಿಗೆ ಸುಂಕದ ಅಧಿಕಾರಿ. ಉಪನ್ಯಾಸ ಮಾಲೆಯ ಕರಪತ್ರದಲ್ಲಿ ನಾನು ಆ ಹೆಸರನ್ನು ಕನ್ನಡದಲ್ಲಿ ಟೈಪ್ ಮಾಡಿ ತೋರಿಸಿದ್ದೆ. ಸರ್ ಜೇಬಿನಿಂದ ಕೆಂಪು ಪೆನ್ನು ತೆಗೆದು ಅಡ್ಡ ಗೆರೆ ಎಳೆದರು. ಈ ಹೆಸರಿನ ಮೊದಲ ಸ್ವರವನ್ನು ಹಿಡಿಯುವ ಅಕ್ಷರ ಕನ್ನಡದಲ್ಲಿಲ್ಲವಂತೆ. ಅ ಇಂದ ಳ ವರೆಗೆ ಇಷ್ಟುದ್ದದ ವರ್ಣಮಾಲೆ ಇಟ್ಟುಕೊಂಡು ಒಬ್ಬ ಸುಂಕದ ಅಧಿಕಾರಿಯ ಹೆಸರು ಹಿಡಿಯಲಾಗದ ಭಾಷೆಯವರು ನಾವು. ಕೊನೆಗೆ "ಒಬ್ಬ ಕವಿ, ಅವನ ಬದುಕು, ಅವನ ಕಾಲ" ಎಂದಷ್ಟೇ ಅಚ್ಚಾಯಿತು.

ಆ ಕೆಂಪು ಪೆನ್ನಿನ ಬಗ್ಗೆ ಹೇಳಬೇಕು. ಅದು ಹೋಟೆಲಿನ ಮೆನುವಿನ ಮೇಲೆ ಓಡಾಡುತ್ತಿತ್ತು, ಸಂಘದ ನೋಟೀಸಿನ ಮೇಲೆ ಓಡಾಡುತ್ತಿತ್ತು. ಹುಬ್ಬಳ್ಳಿಯವರೊಬ್ಬರು ಗೃಹಪ್ರವೇಶದ ಆಹ್ವಾನ ಪತ್ರಿಕೆ ಕಳಿಸಿದರೆ ಅದರ ಇಂಗ್ಲಿಷಿನಲ್ಲಿ ಏಳು ತಪ್ಪು ತಿದ್ದಿ, ಊಟಕ್ಕೆ ಬಂದಾಗ ಯಜಮಾನರ ಕೈಗೆ ಕೊಟ್ಟರು. ಉಡುಗೊರೆ ಅಂದುಕೊಂಡು ಅವರು ಎಲ್ಲರೆದುರು ಬಿಚ್ಚಿದರು. ಸರ್ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ, "ಏಳೇ ಇತ್ತು, ಪರವಾಗಿಲ್ಲ" ಎಂದರು.

ಬೇಸಿಗೆಯಲ್ಲೂ ಉಣ್ಣೆಯ ಕೋಟು. ಸ್ಟೀರಿಂಗ್ ಮುಟ್ಟಿದರೆ ಕೈ ಸುಡುವ ಆಗಸ್ಟಿನಲ್ಲಿ ಪಾರ್ಕಿಂಗ್ ಲಾಟಿನಿಂದ ಲೈಬ್ರರಿಯ ಬಾಗಿಲವರೆಗೆ ಆ ಕೋಟಿನಲ್ಲಿ ನಡೆದು ಬರುತ್ತಿದ್ದರು, ಬೆವರನ್ನು ಕರವಸ್ತ್ರದಿಂದ ಒತ್ತಿಕೊಳ್ಳುತ್ತಿದ್ದರು, ಒರೆಸಿಕೊಳ್ಳುತ್ತಿರಲಿಲ್ಲ. ಅವರ ಕವಿ ಬಂದರಿನಲ್ಲಿ ಉಣ್ಣೆಯ ಮೇಲೆ ಸುಂಕ ಹಾಕುವ ಕೆಲಸದಲ್ಲಿದ್ದನಂತೆ. ಆ ಉಣ್ಣೆಯನ್ನೆಲ್ಲ ಸರ್ ಒಬ್ಬರೇ ಹೊತ್ತಿದ್ದಾರೆ ಎಂದು ನನ್ನ ಗಂಡ ಅನ್ನುತ್ತಿದ್ದ.

ಒಮ್ಮೆ ಶುಗರ್ ಲ್ಯಾಂಡಿನ ಕನ್ನಡಿಗರು ಅವರನ್ನು ಭಾಷಣಕ್ಕೆ ಕರೆದರು. ಸರ್ ಫ್ರೀವೇ ಮೇಲೆ ಡ್ರೈವ್ ಮಾಡುತ್ತಿರಲಿಲ್ಲ. ನಾನು ಕರೆದುಕೊಂಡು ಹೋದೆ. ನಾಲ್ಕೂವರೆ ಗಂಟೆಯ ದಾರಿ. ಮೊದಲ ಅರ್ಧ ಗಂಟೆಯಲ್ಲೇ, ಮುಂದಿನ ಎಕ್ಸಿಟ್ಟಿನಲ್ಲಿ ಗ್ಯಾಸ್ ಹಾಕಿಸೋಣ ಎಂದು ನನ್ನ ಬಾಯಿಂದ ಬಂತು. ಅಲ್ಲಿಂದ ಹೂಸ್ಟನ್ ದಾಟುವವರೆಗೂ ಅದೇ ಪಾಠ.

"ಇಂಗ್ಲಿಷ್ ಪದದ ಹಿಂದೆ ಈ ಬಾಲ ಯಾಕೆ ಕಟ್ಟುತ್ತೀರಮ್ಮ? ಬಸ್ಸು, ಕಾರು, ರೋಡು, ಎಕ್ಸಿಟ್ಟು. ಪದ ಮುಗಿದ ಮೇಲೆ ಬಾಯಿ ಮುಚ್ಚಬೇಕು. ನಮ್ಮವರಿಗೆ ಎಲ್ಲಿ ಬಾಯಿ ಮುಚ್ಚಬೇಕು ಅನ್ನುವುದೇ ತಿಳಿಯುವುದಿಲ್ಲ."

ನನಗೆ ತಿಳಿಯಿತು. ಬಾಯಿ ಮುಚ್ಚಿಕೊಂಡೇ ಡ್ರೈವ್ ಮಾಡಿದೆ. ಶುಗರ್ ಲ್ಯಾಂಡಿನಲ್ಲಿ ಡಾಕ್ಟರೊಬ್ಬರ ದೊಡ್ಡ ಮನೆ, ಅರವತ್ತು ಜನ. ಸರ್ ಅಲ್ಲಿ ಹೇಳಿದ್ದೇನು ಗೊತ್ತೆ? ಆ ಕಾಲದ ಅರಮನೆಯಲ್ಲಿ ಎಲ್ಲರೂ ಫ್ರೆಂಚ್ ಆಡುತ್ತಿದ್ದರು, ಓದಿದವರು ಲ್ಯಾಟಿನ್ ಬರೆಯುತ್ತಿದ್ದರು, ಇಂಗ್ಲಿಷ್ ಅಂದರೆ ಗಾಡಿ ಹೊಡೆಯುವವರ ಭಾಷೆ. ಇಂಥ ಕಾಲದಲ್ಲಿ ನಮ್ಮ ಕವಿ ನಾಚಿಕೆಪಡದೆ ಆ ಬೀದಿಯ ಭಾಷೆಯಲ್ಲಿ ಬರೆದ, ಅದು ಅವನ ದೊಡ್ಡತನ. ಹೇಳುವಾಗ ಅವರ ಕಣ್ಣು ತುಂಬಿ ಬಂದವು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ.

ವಾಪಸು ಬರುವಾಗ ತಡೆಯಲಾಗದೆ ಕೇಳಿದೆ, ಚಿಕ್ಕವರಿದ್ದಾಗ ನೀವು ಮನೆಯಲ್ಲಿ ಯಾವ ಕನ್ನಡ ಮಾತಾಡುತ್ತಿದ್ದಿರಿ ಸರ್ ಎಂದು. ಅವರ ಕನ್ನಡಕ್ಕೆ ಊರೇ ಇರಲಿಲ್ಲ, ರೇಡಿಯೋ ವಾರ್ತೆಯ ಹಾಗೆ ಇರುತ್ತಿತ್ತು. ಧಾರವಾಡದವರು ಎಂದು ಎಲ್ಲರೂ ಹೇಳುತ್ತಿದ್ದರು, ಅವರೂ ಹಾಗೇ ಹೇಳಿಕೊಳ್ಳುತ್ತಿದ್ದರು. ಸರ್ ಕಿಟಕಿಯಾಚೆ ನೋಡುತ್ತ, "ರಸ್ತೆ ನೋಡಿ ಡ್ರೈವ್ ಮಾಡಿ" ಎಂದರು.

ಮರುವರ್ಷ ಉಪನ್ಯಾಸ ಮಾಲೆ ಶುರುವಾಯಿತು. ತಿಂಗಳಿಗೊಂದು, ಭಾನುವಾರ ಮಧ್ಯಾಹ್ನ, ಲೈಬ್ರರಿಯ ಹಿಂದಿನ ಕೋಣೆಯಲ್ಲಿ. ಅದೇ ಹೊತ್ತಿಗೆ ಗದಗಿನಿಂದ ನಮ್ಮವ್ವ ಆರು ತಿಂಗಳಿಗೆಂದು ಬಂದಳು.

ಅವ್ವ ಗದಗಿನ ಒಂದು ಕನ್ನಡ ಶಾಲೆಯಲ್ಲಿ ಐದನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಕಲಿಸಿ ನಿವೃತ್ತಳಾದವಳು. ಇಂಗ್ಲಿಷ್ ಆಡುವುದಕ್ಕೆ ಅವಳಿಗೆ ಯಾವತ್ತೂ ಹೆದರಿಕೆ ಇರಲಿಲ್ಲ. ನಮ್ಮ ಅಪಾರ್ಟ್‌ಮೆಂಟಿನ ಕೆಳಗಿನ ಮನೆಯ ಅಮೆರಿಕನ್ ಅಜ್ಜಿಯ ಜೊತೆ ದಿನಾ ಬೆಳಿಗ್ಗೆ ವಾಕಿಂಗ್ ಹೋಗುತ್ತಿದ್ದಳು. ಇಬ್ಬರೂ ಏನು ಮಾತಾಡುತ್ತಿದ್ದರೋ, ಅರ್ಧ ಗಂಟೆಗೆಂದು ಹೋದವರು ಒಂದೂವರೆ ಗಂಟೆ ಬಿಟ್ಟು ಬರುತ್ತಿದ್ದರು. ಆ ಅಜ್ಜಿಯ ಮಂಡಿ ನೋವು, ಮಗನ ಡೈವೋರ್ಸು, ನಾಯಿಯ ಆಪರೇಶನ್ನು ಎಲ್ಲವೂ ನಮ್ಮ ಮನೆಗೆ ವರದಿಯಾಗುತ್ತಿತ್ತು.

ಅವ್ವ ಸ್ಪೆಲಿಂಗ್ ಕಲಿಸುವುದಕ್ಕೆ ಒಂದು ಪದ್ಧತಿ ಇಟ್ಟುಕೊಂಡಿದ್ದಳು. ಕನ್ನಡ ಶಾಲೆಯಲ್ಲಿ ಓದಿದ ಬಹಳ ಜನಕ್ಕೆ ಇದು ಗೊತ್ತಿರುತ್ತದೆ. ಪ್ರತಿ ಪದಕ್ಕೂ ಎರಡು ಓದು. ಒಂದು ಬರಿಯೋ ಓದು, ಇನ್ನೊಂದು ಆಡೋ ಓದು. ಬರಿಯೋ ಓದಿನಲ್ಲಿ ಯಾವ ಅಕ್ಷರವೂ ಸೈಲೆಂಟ್ ಇರುವ ಹಾಗಿಲ್ಲ, ಕಣ್ಣಿಗೆ ಕಂಡದ್ದೆಲ್ಲ ಬಾಯಲ್ಲಿ ಬರಬೇಕು. ಕ್ನಿಫೆ ಅಂದರ ನೈಫ್, ನಾಮೆ ಅಂದರ ನೇಮ್, ತೀಮೆ ಅಂದರ ಟೈಮ್ ಎಂದು ನಲವತ್ತು ಹುಡುಗರು ರಾಗವಾಗಿ ಕೂಗುತ್ತಿದ್ದರು. ಕೂಗಿದವನು ಸ್ಪೆಲಿಂಗ್ ಮರೆಯುತ್ತಿರಲಿಲ್ಲ. ನಾನೂ ಕೂಗಿದವಳೇ. ಇವತ್ತಿಗೂ ಆಫೀಸಿನಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗಿನ ರಿಪೋರ್ಟ್ ಬರೆಯುವಾಗ ನಾಲೆಜ್ ಎಂದು ಟೈಪ್ ಮಾಡಬೇಕಾದರೆ ಮನಸ್ಸಿನಲ್ಲಿ ಕ್ನೋ ವ್ಲೆಡ್ ಗೆ ಅನ್ನುತ್ತೇನೆ. ಯಾರಿಗೂ ಕೇಳಿಸುವುದಿಲ್ಲ.

ಮೊದಲ ಉಪನ್ಯಾಸಕ್ಕೆ ಅವ್ವನನ್ನು ಕರೆದುಕೊಂಡು ಹೋದದ್ದು ಮನೆಯಲ್ಲಿ ಒಬ್ಬಳೇ ಇರುತ್ತಾಳಲ್ಲ ಎಂದು. ಎರಡನೆಯದಕ್ಕೆ ಅವಳೇ ನನ್ನನ್ನು ಎಳೆದುಕೊಂಡು ಹೋದಳು. ಸರ್ ಪಾಠ ಚೆನ್ನಾಗಿ ಮಾಡುತ್ತಿದ್ದರು. ಇದನ್ನು ಬರೆಯಲು ನನಗೆ ಸಂಕಟವಾಗುತ್ತದೆ, ಆದರೂ ಬರೆಯುತ್ತೇನೆ. ಕವಿಯ ಬಾಲ್ಯದಲ್ಲಿ ಬಂದ ಪ್ಲೇಗಿನ ಬಗ್ಗೆ ಹೇಳಿದ ದಿನ, ಖಾಲಿಯಾದ ಊರುಗಳು, ಕೊಯ್ಯುವವರಿಲ್ಲದೆ ನಿಂತ ಬೆಳೆ, ಕೂಲಿ ಹೆಚ್ಚು ಕೇಳಿದ್ದಕ್ಕೆ ಶಿಕ್ಷೆಯಾದ ಆಳುಗಳು, ಇದನ್ನೆಲ್ಲ ಅವರು ಕಣ್ಣಾರೆ ಕಂಡು ಬಂದವರ ಹಾಗೆ ಹೇಳಿದರು. ಕೊನೆಗೆ ಪ್ರಶ್ನೆಗಳಿವೆಯೆ ಎಂದಾಗ ಅವ್ವ ಎದ್ದು ನಿಂತಳು. ಗದಗಿನಲ್ಲೂ ಪ್ಲೇಗು ಬಂದಾಗ ಮಂದಿ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರಂತೆ, ತನ್ನ ಅಜ್ಜಿ ಹುಟ್ಟಿದ್ದು ಅಂಥ ಗುಡಿಸಲಿನಲ್ಲೇ ಎಂದು ಹೇಳಿದಳು. ಅಲ್ಲಿಯ ಮಂದಿಯೂ ಹೊಲಕ್ಕೆ ಹೋದರೇ ಎಂದು ಕೇಳಿದಳು. ಸರ್ ಅವಳ ತಲೆಯ ಮೇಲಿಂದ ಗೋಡೆ ನೋಡುತ್ತ, ಅದು ಬೇರೆ ವಿಷಯ ಎಂದು ಮುಂದಿನ ಪ್ರಶ್ನೆಗೆ ಹೋದರು.

ಕಾರಿನಲ್ಲಿ ಅವ್ವ ಬೇಸರ ಮಾಡಿಕೊಂಡಿರಲಿಲ್ಲ. ಅವರು ಧಾರವಾಡದವರಲ್ಲ, ನಮ್ಮ ಗದಗಿನ ಹತ್ತಿರದ ರೋಣದ ಕಡೆಯವರು ಎಂದಳು. ಹೇಗೆ ಹೇಳುತ್ತಿ ಎಂದರೆ, ಬಾಯಿ ಎಷ್ಟು ತೊಳೆದರೂ ಸೀನು ಬಂದಾಗ, ಎಡವಿದಾಗ ಊರು ಹೊರಗೆ ಬರುತ್ತದೆ ಎಂದಳು. ಸರ್ ಆ ದಿನ ಮೈಕಿನ ವೈರಿಗೆ ಎಡವಿದ್ದರು.

ಐದನೆಯ ಉಪನ್ಯಾಸದಲ್ಲಿ ಸರ್ ಎಲ್ಲರಿಗೂ ಒಂದೊಂದು ಹಾಳೆ ಹಂಚಿದರು. ಕವಿಯ ಇಪ್ಪತ್ತು ಸಾಲು, ಹಳೆಯ ಸ್ಪೆಲಿಂಗಿನಲ್ಲಿ. ಒಬ್ಬೊಬ್ಬರಾಗಿ ಜೋರಾಗಿ ಓದಿ ಎಂದರು. ಹೇಗೆ ಓದಬೇಕು ಎಂದು ಹೇಳಲಿಲ್ಲ, ಅದು ಮುಂದಿನ ತಿಂಗಳು. ಅವರ ಪಾಠದ ಕ್ರಮವೇ ಅದು. ಮೊದಲು ಎಲ್ಲರನ್ನೂ ಬೀಳಿಸಬೇಕು, ಆಮೇಲೆ ತಾವು ಬಂದು ಎತ್ತಬೇಕು. ನಮ್ಮ ಬೆಂಗಳೂರಿನ ಹುಡುಗರು ಕೆ ಅಕ್ಷರ ನುಂಗಿ, ಕೊನೆಯ ಸ್ವರ ನುಂಗಿ, ನೈಟ್ ಎಂದೂ ಟೈಮ್ ಎಂದೂ ಅಮೆರಿಕನ್ ಧಾಟಿಯಲ್ಲಿ ಓದಿದರು. ಪ್ರತಿಯೊಬ್ಬರೂ ಕೂತಾಗ ಸರ್ ಹಲ್ಲು ನೋವು ಬಂದವರ ಹಾಗೆ ಮುಖ ಮಾಡಿ "ನೆಕ್ಸ್ಟ್" ಅನ್ನುತ್ತಿದ್ದರು. ಖುಷಿಯಾಗಿದ್ದರು.

ಅವ್ವನ ಸರದಿ ಬಂತು. ಅವಳು ಎದ್ದಳು, ಸೆರಗು ಸರಿ ಮಾಡಿಕೊಂಡಳು, ಹಾಳೆಯನ್ನು ಕಣ್ಣಿನಿಂದ ದೂರ ಹಿಡಿದಳು. ಅಲ್ಲಿದ್ದ ಬಹಳಷ್ಟು ಪದಗಳು ಅವಳು ಕಂಡವಲ್ಲ, ಕಂಡವೂ ಬೇರೆ ಸ್ಪೆಲಿಂಗಿನಲ್ಲಿದ್ದವು. ಆಡೋ ಓದು ಗೊತ್ತಿಲ್ಲದ ಪದವನ್ನು ಏನು ಮಾಡಬೇಕು? ಬರಿಯೋ ಓದು ಓದಬೇಕು. ಅವಳು ಐದನೇ ತರಗತಿಯ ದನಿಯಲ್ಲಿ, ರಾಗವಾಗಿ, ಒಂದು ಅಕ್ಷರವನ್ನೂ ಬಿಡದೆ ಓದಿದಳು. ಕ್ನಿಘ್ತ್ ಎಂದಳು, ನಿಘ್ತ್ ಎಂದಳು, ನಾಮೆ, ತೀಮೆ ಎಂದಳು. ಪ್ರತಿ ಸಾಲಿನ ತುದಿಯಲ್ಲೂ ಸರ್ ದ್ವೇಷಿಸುತ್ತಿದ್ದ ಆ ಬಾಲ. ಎರಡನೇ ಸಾಲಿಗೆ ಹಿಂದಿನಿಂದ ಯಾರೋ ಕಿಸಕ್ಕೆಂದರು. ಮೂರನೆಯದಕ್ಕೆ ಕೋಣೆ ತುಂಬ ನಗು. ನಾಲ್ಕನೇ ಸಾಲು ಮುಗಿಸಿ ಐದನೆಯದರ ನಡುವೆ ಅವ್ವ ನಿಂತಳು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನಲ್ಲಿಟ್ಟು ಕೂತಳು. ಸರ್ ಗಂಟಲು ಸರಿಮಾಡಿಕೊಂಡು "ನೆಕ್ಸ್ಟ್, ಪ್ಲೀಸ್" ಎಂದರು. ಮುಖದಲ್ಲಿ ಹಲ್ಲು ನೋವು ಇರಲಿಲ್ಲ. ಏನೂ ಇರಲಿಲ್ಲ. ನಾನು ಪಕ್ಕದಲ್ಲಿ ನೆಲ ನೋಡುತ್ತ ಕೂತಿದ್ದೆ.

ಅವ್ವ ಆಮೇಲೆ ಲೈಬ್ರರಿಗೆ ಬರಲಿಲ್ಲ. ನಾನೂ ರೆಕಾರ್ಡರ್ ಬೇರೆಯವರಿಗೆ ಕೊಟ್ಟು ಕೈ ತೊಳೆದುಕೊಂಡೆ. ಅದಷ್ಟೇ ಆಗಿದ್ದರೆ ಹೇಗೋ ಮರೆಯುತ್ತಿದ್ದೆ. ಆದರೆ ಅವ್ವ ವಾಕಿಂಗ್ ಬಿಟ್ಟಳು. ಕೆಳಗಿನ ಮನೆಯ ಅಜ್ಜಿ ಎರಡು ದಿನ ಬಂದು ಬಾಗಿಲು ಬಡಿದಳು. ಅವ್ವ ಒಳಗಿನಿಂದ, ಮಂಡಿ ನೋವು ಅಂತ ನೀನೇ ಹೇಳು ಎಂದು ನನ್ನನ್ನು ಕಳಿಸಿದಳು. ಅಂಗಡಿಯಲ್ಲಿ ಬಿಲ್ ಮಾಡುವ ಹುಡುಗಿ ಹೇಗಿದ್ದೀರಿ ಎಂದು ಕೇಳಿದರೆ ಅವ್ವ ನನ್ನ ಮುಖ ನೋಡುತ್ತಿದ್ದಳು. ವಾಪಸು ಹೋಗುವ ದಿನ ಏರ್‌ಪೋರ್ಟಿನಲ್ಲಿ ಕೌಂಟರಿನವನು ಏನೋ ಕೇಳಿದಾಗ, ನಲವತ್ತು ಹುಡುಗರ ಬಾಯಲ್ಲಿ ಇಂಗ್ಲಿಷ್ ಕೂಗಿಸಿದ ನಮ್ಮವ್ವ "ನೋ ಇಂಗ್ಲಿಷ್" ಎಂದಳು. ಅವತ್ತು ನಾನು ಸರ್‌ಗೆ ಹಾಕಿದ ಶಾಪವನ್ನು ಇಲ್ಲಿ ಬರೆದರೆ ಸುಷ್ಮಾ ಅಚ್ಚು ಹಾಕುವುದಿಲ್ಲ.

ಇದಾಗಿ ಆರು ವರ್ಷ. ಅವ್ವ ಗದಗಿನಲ್ಲಿ ನನ್ನ ತಮ್ಮನ ಮನೆಯಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಮೊಮ್ಮಕ್ಕಳಿಗೆ ಗಣಿತ ಹೇಳಿಕೊಡುತ್ತಾಳೆ. ಇಂಗ್ಲಿಷ್ ಹೇಳಿಕೊಡು ಎಂದರೆ ಟ್ಯೂಶನ್ನಿಗೆ ಕಳಿಸಿ ಅನ್ನುತ್ತಾಳೆ.

ಸುಷ್ಮಾ ಬಿಡಲಿಲ್ಲ. ಬರೆಯದಿದ್ದರೆ ಹೋಗಲಿ, ಹನ್ನೆರಡು ಉಪನ್ಯಾಸವನ್ನೂ ಕೇಳಿ, ಕೆಮ್ಮು ಸದ್ದು ಎಲ್ಲ ತೆಗೆದು ಕ್ಲೀನ್ ಮಾಡಿಕೊಡಿ, ಸಂಘದ ವೆಬ್‌ಸೈಟಿಗೆ ಹಾಕೋಣ ಎಂದಳು. ಸದ್ದು ತೆಗೆಯುವುದು ನನಗೆ ಬರುವ ಕೆಲಸ. ಒಂದು ಶನಿವಾರ ಬೆಳಿಗ್ಗೆ ತಿಂಡಿ ಮುಗಿಸಿ ಹೆಡ್‌ಫೋನ್ ಹಾಕಿಕೊಂಡು ಕೂತೆ. ಐದನೆಯದನ್ನು ಮುಟ್ಟಲು ಮನಸ್ಸಾಗದೆ, ನಾನು ಇಲ್ಲದಿದ್ದ ಆರನೆಯದರಿಂದ ಶುರು ಮಾಡಿದೆ.

ಹತ್ತು ನಿಮಿಷಕ್ಕೆ ಕೈ ನಿಂತಿತು. ಸರ್ ಹೇಗೆ ಓದಬೇಕು ಎನ್ನುವುದನ್ನು ಹೇಳಿಕೊಡುತ್ತಿದ್ದರು. ಆ ಕಾಲದ ಇಂಗ್ಲಿಷಿನಲ್ಲಿ ಸೈಲೆಂಟ್ ಅಕ್ಷರ ಎನ್ನುವುದೇ ಹೆಚ್ಚುಕಡಿಮೆ ಇರಲಿಲ್ಲ, ಬರೆದದ್ದನ್ನೆಲ್ಲ ಆಡುತ್ತಿದ್ದರು, ಯೋಧ ಎನ್ನುವ ಅರ್ಥದ ನೈಟ್ ಪದದಲ್ಲಿ ಮೊದಲ ಕೆ ಕೂಡ ಬಾಯಲ್ಲಿ ಬರಬೇಕು, ನಡುವಿನ ಘ ಕೂಡ ಬರಬೇಕು, ಸಾಲಿನ ಕೊನೆಯ ಸ್ವರವನ್ನು ಬಿಟ್ಟರೆ ಕವಿಯ ಛಂದಸ್ಸು ಕುಂಟುತ್ತದೆ. ಅದಾದ ಮೇಲೆ ನಗುತ್ತ ಹೇಳಿದ ಮಾತು ಇದು:

"ಇದು ನಾನು ಬಹಳ ಹಿಂದೆಯೇ ಗಮನಿಸಿದ ಸಂಗತಿ. ನಮ್ಮ ಕನ್ನಡ ಶಾಲೆಯ ಮಕ್ಕಳು ಇಂಗ್ಲಿಷನ್ನು ಅಕ್ಷರ ಅಕ್ಷರವಾಗಿ ಓದುತ್ತಾರಲ್ಲ, ಬಸ್ಸು ಕಾರು ಎಂದು ಬಾಲ ಸೇರಿಸುತ್ತಾರಲ್ಲ, ಅವರ ಬಾಯಿ ನಮ್ಮ ಕವಿಯ ಬಾಯಿಗೆ ಬಹಳ ಹತ್ತಿರ."

ಚಪ್ಪಾಳೆ. ಒಂದು ತಿಂಗಳ ಹಿಂದೆ ನಕ್ಕ ಅದೇ ಕೋಣೆ, ಅದೇ ಜನ, ಉದ್ದದ ಚಪ್ಪಾಳೆ. ಹೋದ ತಿಂಗಳು ಒಬ್ಬರು ಹಾಗೇ ಓದಿದ್ದರು ಎಂದು ಒಬ್ಬನಿಗೂ ನೆನಪಾಗಲಿಲ್ಲ. ಬಹಳ ಹಿಂದೆ ಅಂತೆ. ನಾಲ್ಕು ವಾರದ ಹಿಂದೆ.

ಐದನೆಯದನ್ನು ತೆರೆದೆ. ಆ ಕೋಣೆ ಚಿಕ್ಕದು, ಸ್ಪೀಕರ್ ಇರಲಿಲ್ಲ. ಸರ್ ಕಾಲರಿಗೆ ಸಿಕ್ಕಿಸಿದ ಪುಟ್ಟ ಮೈಕು ಬರೀ ರೆಕಾರ್ಡಿಂಗಿಗೆ. ಅವ್ವನ ದನಿ ಸ್ವಲ್ಪ ದೂರದಿಂದ ಬಂತು. ಒಂದನೇ ಸಾಲು, ಎರಡು, ಕಿಸಕ್ಕೆಂದ ಸದ್ದು, ಮೂರು, ನಗು, ನಾಲ್ಕು. ಐದನೆಯದರ ನಡುವೆ ಅವಳು ನಿಂತಳು. ಆ ನಗುವಿನ ಕೆಳಗೆ, ಮೈಕಿಗೆ ತೀರ ಹತ್ತಿರದಲ್ಲಿ, ಸರ್ ಉಸಿರು ಕೇಳಿಸಿತು. ಆಮೇಲೆ ಪಿಸುಮಾತು. ಮೂರು ಸಲ ಹಿಂದಕ್ಕೆ ಓಡಿಸಿ ಕೇಳಿದೆ.

"ಹೌದು. ಬರೋಬ್ಬರಿ ಐತಿ."

ರೇಡಿಯೋ ವಾರ್ತೆಯ ಕನ್ನಡದಲ್ಲಿ ಅಲ್ಲ. ರೋಣದ ಕಡೆಯ ಕನ್ನಡದಲ್ಲಿ. ಯಾವುದೋ ಹಳ್ಳಿಯ ಶಾಲೆಯಲ್ಲಿ ಕ್ನಿಫೆ ಅಂದರ ನೈಫ್ ಎಂದು ಕೂಗಿದ ಹುಡುಗ ಎಡವಿ ಬಿದ್ದಾಗ ಆಡುವ ಕನ್ನಡದಲ್ಲಿ. ಅದರ ಹಿಂದೆಯೇ ಗಂಟಲು ಸರಿಮಾಡಿಕೊಂಡ ಸದ್ದು, ನೆಕ್ಸ್ಟ್, ಪ್ಲೀಸ್.

ಅಂದರೆ ಆ ಕೋಣೆಯಲ್ಲಿ ಅವ್ವ ಸರಿ ಎನ್ನುವುದು ಒಬ್ಬರಿಗೇ ಗೊತ್ತಿತ್ತು, ಮತ್ತು ಆ ಒಬ್ಬರು ಅದನ್ನು ತಮ್ಮ ಕಾಲರಿಗೆ ಮಾತ್ರ ಹೇಳಿಕೊಂಡರು. ಯಾಕೆ ಎಂದು ಊಹಿಸಬಲ್ಲೆ. ಆ ಓದನ್ನು ಸರ್ ಬಾಲ್ಯದಲ್ಲೇ ಕಲಿತಿದ್ದರು, ಆಮೇಲೆ ಎಲ್ಲೋ ಯಾರೋ ನಕ್ಕಿರಬೇಕು, ಅದನ್ನು ಬಾಯಿಂದ ಉಜ್ಜಿ ತೊಳೆಯಲು ಹಲವು ವರ್ಷ ಹಿಡಿದಿರಬೇಕು. ಮತ್ತೆ ಅದೇ ಓದನ್ನು ಪಾಂಡಿತ್ಯ ಎಂದು ದೊಡ್ಡ ಪುಸ್ತಕಗಳಿಂದ ಕಲಿತು, ಅದರ ಮೇಲೆ ನೌಕರಿ ಮಾಡಿ, ಕೋಟು ಹಾಕಿಕೊಂಡು ನಿಂತಿದ್ದಾಗ, ಗದಗಿನ ಟೀಚರೊಬ್ಬಳು ಎದ್ದು ಅದನ್ನು ಪುಕ್ಕಟೆಯಾಗಿ ಓದಿಬಿಟ್ಟಳು. ಕಷ್ಟವಾಗಿರಬೇಕು. ಆಗಲಿ. ಕಷ್ಟವಾಯಿತು ಎಂದು ಇನ್ನೊಬ್ಬರ ಮಾನ ತೆಗೆಯುವ ಹಕ್ಕು ಯಾರಿಗೂ ಬರುವುದಿಲ್ಲ. ಕೆಂಪು ಪೆನ್ನಿನಿಂದ ಊರಿನ ತಪ್ಪನ್ನೆಲ್ಲ ತಿದ್ದಿದ ಮನುಷ್ಯನಿಗೆ ಒಂದು ಸರಿಯನ್ನು ಸರಿ ಅನ್ನಲು ಬಾಯಿ ಬರಲಿಲ್ಲ. ನನಗೆ ಅವರ ಮೇಲೆ ಕನಿಕರ ಇಲ್ಲ.

ಅವ್ವನಿಗೆ ಇದು ತಿಳಿಯಲೇಬೇಕು ಎನಿಸಿತು. ನಾಲ್ಕನೇ ಸಾಲಿನಿಂದ ಪಿಸುಮಾತಿನವರೆಗೆ ಕತ್ತರಿಸಿದೆ. ನಡುವಿನ ಸದ್ದು ಗದ್ದಲ ತೆಗೆದೆ. ಹನ್ನೊಂದು ಸೆಕೆಂಡಿನ ತುಣುಕು ಸಿದ್ಧವಾಯಿತು. ಅವ್ವನ ಫೋನಿಗೆ ಕಳಿಸಿ, ಆಮೇಲೆ ಕರೆ ಮಾಡಿದೆ. ಗದಗಿನಲ್ಲಿ ಸಂಜೆ. ಅವಳು ಕೇಳಿದಳು, ತಡಿ, ಇನ್ನೊಮ್ಮೆ ಕೇಳುತ್ತೇನೆ ಎಂದು ಇಟ್ಟಳು. ಹತ್ತು ನಿಮಿಷವಾದ ಮೇಲೆ ತಾನೇ ಮಾಡಿದಳು.

"ನೋಡವ್ವಾ, ನೀ ಓದಿದ್ದು ಸರಿ ಇತ್ತು. ಆ ಮನಷ್ಯಾಗ ಗೊತ್ತಿತ್ತು. ಗೊತ್ತಿದ್ದೂ ನಿನ್ನ ಬಾಯಿ ಮುಚ್ಚಿಸಿದ" ಎಂದೆ. ಗೆದ್ದವಳ ದನಿಯಲ್ಲೇ ಅಂದೆ.

ಅವ್ವ ತಿರುಗಿ ನನ್ನನ್ನೇ ಕೇಳಿದಳು.

"ನಾ ಓದೂದ ನಡುವ ಯಾಕ ನಿಂತೆ ಅಂತ ತಿಳದಿ ನೀ?"

ಎಲ್ಲರೂ ನಕ್ಕರಲ್ಲ, ಅದಕ್ಕೆ ಎಂದೆ.

"ಐದನೇತ್ತಾ ಹುಡುಗರ ಮುಂದ ಆಯುಷ್ಯ ಕಳದಾಕಿ ನಾ. ನಗೂದು ನನಗೇನು ಹೊಸಾದಲ್ಲ. ನೀ ನನ್ನ ಸೆರಗ ಜಗ್ಗಿ, ಸಾಕು ಸುಮ್ನ ಕೂಡವ್ವಾ ಅಂದಿ. ಅದಕ್ಕ ನಿಂತೆ. ನೀ ಕಳಿಸಿದ್ದರಾಗ ಅದು ಎಲ್ಲೂ ಇಲ್ಲ. ಎಲ್ಲಿ ಹೋತು?"

ಎಲ್ಲಿ ಹೋಯಿತು ಎಂದು ನನಗೆ ಗೊತ್ತಿತ್ತು. ಎರಡೂವರೆ ಸೆಕೆಂಡು. ನಾನು ಮೇಲೆ ಸದ್ದು ಗದ್ದಲ ಎಂದು ಬರೆದೆನಲ್ಲ, ಅದು ನನ್ನ ದನಿ. ಮೊದಲ ಸಲ ಕೇಳಿದಾಗ ಹೆಡ್‌ಫೋನಿನಲ್ಲಿ ಅದು ಸ್ಪಷ್ಟವಾಗಿತ್ತು. ಅದನ್ನು ಆಯ್ದು, ಅಂಚು ಗೊತ್ತಾಗದ ಹಾಗೆ ತೆಗೆದು ಜೋಡಿಸಿದ್ದೆ. ನೆಲ ನೋಡುತ್ತ ಕೂತಿದ್ದೆ ಎಂದು ನಿಮಗೂ ಬರೆದೆ. ಆರು ವರ್ಷದಿಂದ ನನಗೂ ಹಾಗೇ ಹೇಳಿಕೊಂಡು ಬಂದಿದ್ದೆ.

ತಪ್ಪಾಯಿತು ಎಂದೆ. ಅವ್ವ ಅದನ್ನು ಹಿಡಿದುಕೊಳ್ಳಲಿಲ್ಲ.

"ಅವರು ಸಣ್ಣ ದನಿಲೇ ಆದ್ರೂ ಹೌದು ಅಂದ್ರು. ನೀ ಅಷ್ಟೂ ಅನ್ಲಿಲ್ಲ" ಎಂದಳು. ಸಿಟ್ಟಿನಿಂದ ಅಲ್ಲ, ಹಾಜರಿ ಹಾಕುವ ಹಾಗೆ.

ಸರ್ ಮೇಲಿನ ನನ್ನ ಸಿಟ್ಟು ಇಳಿದಿಲ್ಲ. ಇಬ್ಬರಿಗೆ ಹಂಚಿದ್ದೇನೆ, ಅಷ್ಟೇ. ಸುಷ್ಮಾ, ನೀನು ಕೇಳಿದ್ದು ಎರಡು ಪುಟ, ಹೆಚ್ಚಾಯಿತು. ಕತ್ತರಿಸಬೇಡ. ಐದನೆಯ ಉಪನ್ಯಾಸವನ್ನೂ ಇದ್ದ ಹಾಗೆ ಕಳಿಸುತ್ತಿದ್ದೇನೆ. ಅದರಲ್ಲಿ ಒಂದು ನಗು ಇದೆ, ಒಬ್ಬ ಹೆಂಗಸಿನ ಗೊಣಗು ಇದೆ, ಒಬ್ಬ ದೊಡ್ಡ ಮನುಷ್ಯನ ಪಿಸುಮಾತು ಇದೆ. ಮೂರೂ ಇರಲಿ.

ಅವತ್ತು ಇನ್ನೇನು ಫೋನ್ ಇಡಬೇಕು ಅಂದುಕೊಂಡಾಗ ಅವ್ವ, ತಡಿ ಎಂದಳು. ಕಪಾಟು ತೆರೆದ ಸದ್ದು. ಆ ಹಾಳೆ ಅವಳ ಹಳೆಯ ಇಂಗ್ಲಿಷ್ ಪಠ್ಯಪುಸ್ತಕದಲ್ಲಿ ಇತ್ತಂತೆ, ನಾಲ್ಕು ಮಡಿಕೆಯಲ್ಲೇ. ಪೂರಾ ಓದಲೇನು ಎಂದಳು. ಓದವ್ವಾ ಎಂದೆ.

ಓದಿದಳು. ಇಪ್ಪತ್ತೂ ಸಾಲು, ಐದನೇ ತರಗತಿಯ ರಾಗದಲ್ಲಿ, ಯಾವ ಅಕ್ಷರವನ್ನೂ ಸುಮ್ಮನಿರಲು ಬಿಡದೆ, ಬಾಲಗಳನ್ನೆಲ್ಲ ಸೇರಿಸಿ. ಐದನೇ ಸಾಲಿನ ನಡುವೆ ಒಂದು ಕ್ಷಣ ತಡೆದಳು. ಮುಂದಕ್ಕೆ ಹೋದಳು.

"ಬರೋಬ್ಬರಿ ಐತಿ ಅವ್ವಾ" ಎಂದು ಸಣ್ಣ ದನಿಯಲ್ಲಿ ಅಂದೆ.

"ಏನಂದಿ? ಕೇಳವಲ್ದು. ಜೋರಾಗಿ ಅನ್ನು."

ಜೋರಾಗಿಯೇ ಅಂದೆ. ಪಕ್ಕದ ಕೋಣೆಯಿಂದ ನನ್ನ ಗಂಡ ಏನಾಯಿತು ಎಂದು ಓಡಿ ಬಂದ.